ಎತ್ತಿಗೆ ಜ್ವರ, ಟರ್ಬೊಗೆ ಬರೆ

"ಭಾವ, ಗಾಡಿ ಎಳೀತೇ ಇಲ್ಲೆ."

ಮಳೆಗಾಲದ ಒಂದು ಸಂಜೆ ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ಸಿಗುವ ಯಾವುದೋ ತಿರುವಿನಿಂದ ಬಂದ ಫೋನು. ಕುಮಟೆಯಲ್ಲಿ ಕೆಲಸ ಮುಗಿಸಿ ಶಿರಸಿಗೆ ಹೊರಟಿದ್ದ ಭಾವ ಎರಡನೇ ಗೇರಿನಲ್ಲಿ ತೆವಳುತ್ತ, ಹಿಂದಿನ ಲಾರಿಯವರ ಹಾರನ್ ಕೇಳುತ್ತ ಹೇಗೋ ಮನೆ ಮುಟ್ಟಿದ. ಮಾರನೇ ದಿನ ಗ್ಯಾರೇಜಿನವರು ಬಾನೆಟ್ ಎತ್ತಿ, ಎರಡು ಸಲ ರೇಸ್ ಕೊಟ್ಟು ಕೇಳಿ, "ಟರ್ಬೊ ಹೋಯ್ತು" ಅಂದರು. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಮಾನು ಅದು. ಅವರು ಹೇಳಿದ ಮೊತ್ತ ಕೇಳಿದ ಭಾವ ಅಂಗಳದಲ್ಲಿದ್ದ ಅಡಿಕೆಯ ಲೆಕ್ಕವನ್ನು ಮನಸ್ಸಿನಲ್ಲೇ ಎರಡು ಸಲ ಹಾಕಿದ. ಕೊನೆಗೆ ಸಿಕ್ಕ ರೋಗ ಇಷ್ಟೇ: ಆ ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಪೈಪಿನ ಕೆಳಮಗ್ಗುಲಲ್ಲಿ ಹೆಬ್ಬೆರಳುದ್ದದ ಸೀಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಗಾಡಿಯ ಪಿಕಪ್ ಹೋಯಿತೆಂದರೆ ಬರೆ ಬೀಳುವುದು ಟರ್ಬೊಗೆ. ಹನ್ನೆರಡು ವರ್ಷದಿಂದ ಡೀಸೆಲ್ ಗಾಡಿಯಲ್ಲಿ ಘಟ್ಟ ಹತ್ತಿ ಇಳಿದವನಾಗಿ ನಾನು ಪಾಲಿಸುವುದು ಒಂದೇ ಕ್ರಮ: ಮೊದಲು ರಬ್ಬರ್, ಆಮೇಲೆ ವೈರು, ಕೊನೆಗೆ ಕಬ್ಬಿಣ. ವಾರಂಟಿಯಲ್ಲಿರುವ ಗಾಡಿಯಾದರೆ ಕಿವಿ, ಕಣ್ಣು, ಸ್ಕ್ಯಾನರ್ ಮೂರನ್ನೇ ಬಳಸಿ. ಸ್ಪ್ಯಾನರ್ ಹಾಕಬೇಡಿ.

ಬಾನೆಟ್ ಎತ್ತುವ ಮೊದಲು

ನಿಜವಾಗಿಯೂ ಇಂಜಿನ್ನೇ ಸೋತಿದೆಯೇ ಎಂದು ನೋಡಿಕೊಳ್ಳಿ. ನಾಲ್ಕನೇ ಗೇರಿನಲ್ಲಿ ಏರು ಹತ್ತುವಾಗ ಒಮ್ಮೆಲೆ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಮೇಲೇರಿತು, ವೇಗ ಮಾತ್ರ ಏರಲಿಲ್ಲ ಎಂದಾದರೆ ಅದು ಕ್ಲಚ್ ಜಾರುತ್ತಿರುವುದು. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ಹತ್ತಿರ ಮಾತ್ರ ಕೈ ಹಿಡಿಯಲಾರದಷ್ಟು ಕಾವು, ಸುಟ್ಟ ವಾಸನೆ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ. ಕಾರವಾರ, ಅಂಕೋಲಾ ಕಡೆ ಉಪ್ಪುಗಾಳಿಯಲ್ಲಿ ನಿಂತು ಬ್ರೇಕಿನ ಪಿನ್ನು ತುಕ್ಕು ಹಿಡಿದ ಗಾಡಿಗಳಲ್ಲಿ ಇದು ಅಪರೂಪವೇನಲ್ಲ. ಈ ಎರಡಕ್ಕೂ ಟರ್ಬೊಗೂ ಸಂಬಂಧವಿಲ್ಲ.

ಆಮೇಲೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಶಕ್ತಿ ಹೋಗಿದ್ದು ಒಮ್ಮೆಲೆಯೋ, ತಿಂಗಳುಗಟ್ಟಲೆ ನಿಧಾನವಾಗಿಯೋ? ಯಾವ ಆರ್‌ಪಿಎಂನಲ್ಲಿ? ಇಂಜಿನ್ ತಣ್ಣಗಿದ್ದಾಗಲೋ, ಕಾದ ಮೇಲೋ? ಕೀ ತೆಗೆದು ಮತ್ತೆ ಹಾಕಿದರೆ ಸರಿಹೋಯಿತೇ? ಹೊಗೆ ಬಂತೇ, ಬಣ್ಣ ಯಾವುದು? ಅರ್ಧ ರೋಗ ಈ ಚೀಟಿಯಲ್ಲೇ ಸಿಗುತ್ತದೆ.

ಕಾರಣ ತಿಳಿಯಲು ಟರ್ಬೊ ಮಾಡುವ ಕೆಲಸ ಗೊತ್ತಿರಬೇಕು. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ ಪೇಟೆಂಟ್ ಪಡೆದ ಯುಕ್ತಿ ಇದು, ಮೂಲದಲ್ಲಿ ಇಂದಿಗೂ ಹಾಗೇ ಇದೆ. ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ ಒಂದೂವರೆ ಎರಡು ಲಕ್ಷ ಸುತ್ತು ತಿರುಗುತ್ತದೆ. ಆ ದಂಡ ನಿಂತಿರುವುದು ತೆಳ್ಳಗಿನ ಆಯಿಲ್ ಪದರದ ಮೇಲೆ.

ಆದ್ದರಿಂದ 1800-2000 ಆರ್‌ಪಿಎಂವರೆಗೆ ಗಾಡಿ ಸರಿಯಾಗಿದ್ದು, ಅಲ್ಲಿಂದ ಮೇಲೆ ಬರಬೇಕಾದ ನೂಕು ಬಾರದಿದ್ದರೆ ಒತ್ತಿದ ಗಾಳಿ ಎಲ್ಲೋ ಸೋರುತ್ತಿದೆ, ಇಲ್ಲವೇ ಒತ್ತಡವೇ ಹುಟ್ಟುತ್ತಿಲ್ಲ. ಒಮ್ಮೆಲೆ ಶಕ್ತಿ ಕಡಿತವಾಗಿ, ಚೆಕ್ ಲೈಟ್ ಹತ್ತಿ, ಎಷ್ಟು ಒತ್ತಿದರೂ ಮುಳ್ಳು 2500-3000ದ ಹತ್ತಿರ ನಿಂತು, ಕೀ ತೆಗೆದು ಹಾಕಿದರೆ ಮತ್ತೆ ಸರಿಯಾಗುತ್ತದೆ ಎಂದರೆ ಅದು ಲಿಂಪ್ ಮೋಡ್. ಗಾಡಿಯ ಕಂಪ್ಯೂಟರ್ ಇಂಜಿನ್ ಉಳಿಸಿಕೊಳ್ಳಲು ತಾನೇ ಕೈ ಬಿಗಿ ಹಿಡಿದಿದೆ. ಎಲ್ಲಾ ಆರ್‌ಪಿಎಂನಲ್ಲೂ ಸೋಲಾದರೆ ಡೀಸೆಲ್ ಫಿಲ್ಟರ್, ಇಂಜೆಕ್ಟರ್, ಪೆಟ್ರೋಲಾದರೆ ಪ್ಲಗ್, ಕಾಯಿಲ್ ಕಡೆ ನೋಡಬೇಕು. ತಿಂಗಳುಗಟ್ಟಲೆ ಮೆಲ್ಲಗೆ ಸೋತಿದ್ದರೆ ಗಾಳಿ ಒಳಬರುವ ದಾರಿಯಲ್ಲೋ ಹೊಗೆ ಹೊರಹೋಗುವ ದಾರಿಯಲ್ಲೋ ಏನೋ ಕಟ್ಟಿಕೊಂಡಿದೆ.

ಹೊಗೆಯ ಭಾಷೆ ಸುಲಭ. ಕಪ್ಪು ಎಂದರೆ ಗಾಳಿ ಸಾಲುತ್ತಿಲ್ಲ, ನೀಲಿ ಎಂದರೆ ಆಯಿಲ್ ಉರಿಯುತ್ತಿದೆ. ಇಂಜಿನ್ ಕಾದ ಮೇಲೂ ನಿಲ್ಲದ ಬಿಳಿ ಹೊಗೆಗೆ ಸಿಹಿ ವಾಸನೆ ಇದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ಬೆಳಗಿನ ಚಳಿಯಲ್ಲಿ ನಾಲ್ಕು ನಿಮಿಷ ಕಾಣುವ ಬಿಳಿ ಆವಿಗೆ ಗಾಬರಿ ಬೇಡ.

ಕಿವಿಗೆ ಕೆಲಸ

ಸದ್ದು ಕೇಳಲು ದೊಡ್ಡ ಯಂತ್ರ ಬೇಡ. ತೋಟಕ್ಕೆ ನೀರು ಬಿಡುವ ಪೈಪಿನ ಒಂದು ಗಜದ ತುಂಡು ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಅನುಮಾನದ ಜಾಗದ ಹತ್ತಿರ. ಫ್ಯಾನು, ಬೆಲ್ಟಿನಿಂದ ಪೈಪು, ಪಂಚೆ, ಶಾಲು ಎಲ್ಲವೂ ದೂರ ಇರಲಿ. ಇಂಜಿನ್ ಬಂದಾದ ಮೇಲೂ ಫ್ಯಾನು ತಾನಾಗಿ ತಿರುಗಬಹುದು ಎಂಬುದು ನೆನಪಿರಲಿ.

ಸಣ್ಣ ಸೀಟಿಯಂಥ ಸದ್ದು ಟರ್ಬೊದ ಸಹಜ ದನಿ. ಗಾಡಿ ಹೊಸದಿದ್ದಾಗಿನಿಂದ ಇದ್ದರೆ ಬಿಡಿ. ಅದೇ ಸೀಟಿ ದಿನದಿಂದ ದಿನಕ್ಕೆ ಏರುತ್ತ ಆಂಬುಲೆನ್ಸಿನ ಸೈರನ್ನಿನಂತೆ ಆರ್‌ಪಿಎಂ ಜೊತೆಗೇ ಏರಿಳಿಯತೊಡಗಿದರೆ ಚಕ್ರದ ರೆಕ್ಕೆಗೆ ಪೆಟ್ಟಾಗಿದೆ ಅಥವಾ ಬೇರಿಂಗ್ ಸವೆದಿದೆ.

ಕುಕ್ಕರಿನ ವಿಸಿಲ್ ಏಳುವ ಮೊದಲು ಬರುತ್ತದಲ್ಲ, ಆ 'ಸುಸ್ಸ್' ಸದ್ದು ಏರಿನಲ್ಲಿ ರೇಸ್ ಕೊಟ್ಟಾಗ ಮಾತ್ರ ಬಂದರೆ ಪೈಪು ಸೀಳಿದೆ ಅಥವಾ ಕ್ಲಾಂಪ್ ಸಡಿಲಾಗಿದೆ. ಅಂಗಳದಲ್ಲಿ ನಿಲ್ಲಿಸಿ ರೇಸ್ ಕೊಟ್ಟರೆ ಕೇಳುವುದಿಲ್ಲ, ಯಾಕೆಂದರೆ ಭಾರವಿಲ್ಲದೆ ಅಷ್ಟು ಒತ್ತಡ ಹುಟ್ಟುವುದಿಲ್ಲ. ಭಾವನ ಗಾಡಿ ಗ್ಯಾರೇಜಿನಲ್ಲಿ ಸುಮ್ಮನಿದ್ದುದೂ ಇದೇ ಕಾರಣಕ್ಕೆ.

ಬೆಳಿಗ್ಗೆ ಚಾಲೂ ಮಾಡಿದಾಗ 'ಟಿಕ್ ಟಿಕ್ ಟಿಕ್', ಐದು ಹತ್ತು ನಿಮಿಷದಲ್ಲಿ ಮಾಯವಾದರೆ ಇಂಜಿನ್ನಿನ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿಕೆ. ಲೋಹ ಕಾದು ಹಿಗ್ಗಿ ಸಂದು ತಾನೇ ಮುಚ್ಚಿಕೊಳ್ಳುತ್ತದೆ. ಆ ಜಾಗದ ಸುತ್ತ ಕಪ್ಪು ಮಸಿ ಹಿಡಿದಿರುತ್ತದೆ. ಇದನ್ನು ವಾಲ್ವ್ ತಳ್ಳುವ ಟ್ಯಾಪೆಟ್ಟಿನ ಸದ್ದೆಂದು ತಿಳಿದು ಹೆಡ್ ಬಿಚ್ಚಿಸಿದವರಿದ್ದಾರೆ. ಆಕ್ಸಿಲರೇಟರ್ ಬಿಟ್ಟಾಗ ತಗಡಿನ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂತೆ 'ಕಟಕಟ' ಎಂದರೆ ಒಂದೋ ಟರ್ಬೊ ಮೇಲಿನ ಶಾಖ ತಡೆಯುವ ತಗಡು ಸಡಿಲಾಗಿದೆ, ಇಲ್ಲವೇ ಹೆಚ್ಚಾದ ಹೊಗೆಯನ್ನು ಟರ್ಬೊ ಚಕ್ರ ತಪ್ಪಿಸಿ ಬಿಡುವ ಬಾಗಿಲಾದ ವೇಸ್ಟ್‌ಗೇಟಿನ ತೋಳು ಸವೆದು ಆಡುತ್ತಿದೆ. ತಣ್ಣಗಿರುವಾಗ ತಗಡನ್ನು ಬೆರಳಿನಲ್ಲಿ ತಟ್ಟಿ ನೋಡಿ. ಹತ್ತರಲ್ಲಿ ಆರು ಸಲ ಅದೇ ಕಳ್ಳ ಎಂಬುದು ನನ್ನ ಅಂದಾಜು.

ಟರ್ಬೊ ಪೆಟ್ರೋಲ್ ಗಾಡಿಯಲ್ಲಿ ರೇಸ್ ಕೊಟ್ಟು ತಟ್ಟನೆ ಕಾಲೆತ್ತಿದಾಗ ಪಾರಿವಾಳ ರೆಕ್ಕೆ ಬಡಿದಂತೆ 'ಪರ್ರ್' ಎಂದು, ಜೊತೆಗೆ ಪಿಕಪ್ಪೂ ಕಮ್ಮಿಯಾಗಿದ್ದರೆ ಒತ್ತಡವನ್ನು ತಿರುಗಿಸಿ ಬಿಡುವ ಡೈವರ್ಟರ್ ವಾಲ್ವ್ ನೋಡಿಸಿ. ಯುವಕರು ಇದೇ ಸದ್ದಿಗಾಗಿ ದುಡ್ಡು ಕೊಟ್ಟು ಸಾಮಾನು ಹಾಕಿಸುತ್ತಾರೆ, ಅದು ಬೇರೆ ಮಾತು.

ಇನ್ನು ಕತ್ತಿ ಮಸೆದಂತೆ ಲೋಹಕ್ಕೆ ಲೋಹ ಉಜ್ಜುವ ಸದ್ದು. ಇದು ಬಂದರೆ ಅಲ್ಲೇ ನಿಲ್ಲಿಸಿ, ಮನೆ ಎರಡೇ ಕಿಲೋಮೀಟರ್ ಇದ್ದರೂ ಟೋಯಿಂಗ್ ಗಾಡಿ ಕರೆಸಿ. ಆಯಿಲ್ ಲೈಟ್ ಹತ್ತಿದರೂ, ನೀಲಿ ಹೊಗೆ ಹಿಂದಿನ ಗಾಡಿ ಕಾಣದಷ್ಟು ಬಂದರೂ ಇದೇ ಮಾತು.

ಡೀಸೆಲ್ ಗಾಡಿಯವರು ಒಂದು ಅಪಾಯ ತಿಳಿದಿರಬೇಕು. ಟರ್ಬೊದ ಸೀಲು ಪೂರ್ತಿ ಹೋದರೆ ಇಂಜಿನ್ ತನ್ನ ಆಯಿಲನ್ನೇ ಕುಡಿದು ಓಡತೊಡಗುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ, ಆರ್‌ಪಿಎಂ ತಾನಾಗಿ ಕಿರುಚುತ್ತ ಏರುತ್ತದೆ. ಮ್ಯಾನ್ಯುವಲ್ ಗೇರಿನ ಗಾಡಿಯಾದರೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕಾಲು ಬ್ರೇಕನ್ನು ಬಲವಾಗಿ ಒತ್ತಿ, ಕೊನೆಯ ಗೇರಿಗೆ ಹಾಕಿ ಕ್ಲಚ್ ಬಿಟ್ಟುಬಿಡಿ. ಇಂಜಿನ್ ಕಟ್ಟಿ ನಿಲ್ಲುತ್ತದೆ. ನಿಲ್ಲದಿದ್ದರೆ ಎಲ್ಲರನ್ನೂ ಇಳಿಸಿ ದೂರ ಹೋಗಿ. ಬಾನೆಟ್ ಎತ್ತಲು ಹೋಗಬೇಡಿ.

ರಬ್ಬರ್ ಪರೀಕ್ಷೆ

ಇಂಜಿನ್ ಪೂರ್ತಿ ಆರಿದ ಮೇಲೆ ಶುರುಮಾಡಿ. ಮೊದಲು ಏರ್ ಫಿಲ್ಟರ್. ನಮ್ಮ ಮಣ್ಣು ರಸ್ತೆಯ ಕೆಂಪು ಧೂಳು ಮೂರು ತಿಂಗಳಲ್ಲಿ ಅದನ್ನು ಇಟ್ಟಿಗೆ ಬಣ್ಣಕ್ಕೆ ತರುತ್ತದೆ, ಮಳೆಗಾಲದಲ್ಲಿ ಒದ್ದೆಯಾದ ಕಾಗದ ಉಬ್ಬಿ ಗಾಳಿಯನ್ನೇ ಕಟ್ಟುತ್ತದೆ. ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿದ್ದನ್ನೂ ಕಂಡಿದ್ದೇನೆ, ಅಡಿಕೆ ಸಿಪ್ಪೆಯ ಮೆತ್ತೆ ಹಾಸಿತ್ತು. ಆಮೇಲೆ ಆಯಿಲ್ ಕಡ್ಡಿ. ಮಟ್ಟ ಕೆಳಗಿದ್ದರೆ ಟರ್ಬೊಗೆ ಅಪಾಯ, ಮೇಲಿದ್ದರೂ ಒಳ್ಳೆಯದಲ್ಲ. ಡೀಸೆಲ್ ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ ಸ್ವಲ್ಪ ಗಾಜಿನ ಲೋಟಕ್ಕೆ ಇಳಿಸಿ ಇಡಿ. ನೀರು ಸೇರಿದ್ದರೆ ತಳಕ್ಕೆ ಕೂತು ಗೆರೆ ಕಾಣುತ್ತದೆ.

ಈಗ ಮುಖ್ಯ ಕೆಲಸ. ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ದಪ್ಪ ಪೈಪುಗಳನ್ನು ಹುಡುಕಿ. ಟಾರ್ಚ್ ಹಿಡಿದು ನೋಡಿ, ಆದರೆ ನಂಬಬೇಕಾದ್ದು ಬೆರಳನ್ನು. ಪೈಪಿನ ಕೆಳಭಾಗಕ್ಕೆ ಕೈ ಹಾಕಿ, ಹಿಂಡುತ್ತ, ಬಾಗಿಸುತ್ತ ಉದ್ದಕ್ಕೂ ಸವರಿಕೊಂಡು ಬನ್ನಿ. ಸುಮ್ಮನಿದ್ದಾಗ ಸೀಳು ತುಟಿ ಮುಚ್ಚಿಕೊಂಡಿರುತ್ತದೆ, ಬಾಗಿಸಿದಾಗ ಬಾಯಿ ಬಿಡುತ್ತದೆ. ಇಂಜಿನ್ ಅಲ್ಲಾಡುವ ಜಾಗದ ಬಾಗು, ಕ್ಲಾಂಪಿನ ಅಂಚು, ತಗಡಿಗೆ ತಾಗುವ ಮೈ, ಇವು ಮೂರು ಕಡೆ ಹೆಚ್ಚು.

ಈ ಪೈಪುಗಳ ಒಳಗೆ ತೆಳುವಾಗಿ ಆಯಿಲ್ ಪಸೆ ಇರುವುದು ಸಹಜ, ಇಂಜಿನ್ನಿನ ಉಸಿರು, ಅಂದರೆ ಒಳಗಿನ ಆಯಿಲ್ ಆವಿ, ಅದೇ ದಾರಿಯಲ್ಲಿ ಹೋಗುತ್ತದೆ. ಸೋರುವ ಕಡೆ ಆ ಪಸೆ ಹೊರಗೆ ಚಿಮ್ಮಿ, ಮೇಲೆ ನಮ್ಮ ಕೆಂಪು ಧೂಳು ಕೂತು, ಕುಂಕುಮ ಎಣ್ಣೆಯಲ್ಲಿ ಕಲಸಿದಂಥ ಮೆತ್ತೆಯಾಗುತ್ತದೆ. ಭಾವನ ಗಾಡಿಯಲ್ಲಿ ಸೀಳು ಕಣ್ಣಿಗೆ ಬಿದ್ದಿರಲಿಲ್ಲ. ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ಮೇಲೆ ಅಂಗೈಯಗಲದ ಕೆಂಪು ಕಲೆ ಬಿದ್ದಿತ್ತು, ಅದರ ನೇರ ಮೇಲಕ್ಕೆ ಬೆರಳು ಒಯ್ದಾಗ ಸೀಳು ಸಿಕ್ಕಿತು. ಹುಡುಕಲು ಹಿಡಿದದ್ದು ಕಾಲು ಗಂಟೆ.

ಬೆರಳಿಗೆ ಸಿಗದಿದ್ದರೆ ಸೋಪಿನ ನೊರೆ. ಏರ್ ಫಿಲ್ಟರ್ ಕಡೆಯ ಪೈಪು ಬಿಚ್ಚಿ, ಟರ್ಬೊದ ಬಾಯಿಗೆ ಸರಿಹೊಂದುವ ಪಿವಿಸಿ ಮುಚ್ಚಳಕ್ಕೆ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ ಬಿಗಿಯಬೇಕು. ಇಂಜಿನ್ ಬಂದಾಗಿರಬೇಕು. ಕಾಲು ಪಂಪಿನಲ್ಲಿ ಅರ್ಧ ಬಾರ್‌ವರೆಗೆ, ಅಂದರೆ ಟೈರಿನ ಲೆಕ್ಕದಲ್ಲಿ ಏಳು ಪೌಂಡ್‌ವರೆಗೆ ಮಾತ್ರ ಗಾಳಿ ತುಂಬಿ, ಮುಚ್ಚಳದ ಎದುರು ಮುಖ ಇಡದೆ, ಸ್ಪ್ರೇ ಬಾಟಲಿಯಿಂದ ಸೋಪಿನ ನೀರು ಹೊಡೆಯಿರಿ. ಗುಳ್ಳೆ ಎದ್ದಲ್ಲಿ ರೋಗ. ಇಂಜಿನ್ನಿನ ಉಸಿರು ಪೈಪು ಬಂದು ಸೇರುವ ತೂತನ್ನು ಮೊದಲೇ ಮುಚ್ಚಿಕೊಳ್ಳಿ, ಇಲ್ಲದಿದ್ದರೆ ಗಾಳಿ ಇಂಜಿನ್ನಿನೊಳಕ್ಕೇ ಹೋಗುತ್ತದೆ. ಮನೆಯಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಪಂಪಿದೆ ಎಂದು ಅದನ್ನು ತರಬೇಡಿ, ಅದರಲ್ಲಿ ಉಳಿದ ಮೈಲುತುತ್ತ ಅಲ್ಯೂಮಿನಿಯಂ ತಿನ್ನುತ್ತದೆ.

ಬಳಪದಷ್ಟು ಸಣ್ಣ ವ್ಯಾಕ್ಯೂಮ್ ಪೈಪುಗಳನ್ನು ಮರೆಯಬೇಡಿ. ಫಿಯಟ್ ಮೂಲದ 1.3 ಲೀಟರ್ ಡೀಸೆಲ್ ನಮ್ಮ ಕಡೆ ಬಹಳ ಮನೆಗಳಲ್ಲಿದೆ. ಅದರ 75 ಪಿಎಸ್ (ಅಶ್ವಶಕ್ತಿ) ಮಾದರಿಯಲ್ಲಿ ಸಾದಾ ವೇಸ್ಟ್‌ಗೇಟ್ ಟರ್ಬೊ, 90 ಪಿಎಸ್‌ನದರಲ್ಲಿ ವಿಜಿಟಿ, ಅಂದರೆ ಒಳಗಿನ ರೆಕ್ಕೆಗಳ ಕೋನ ಬದಲಾಗುವ ಟರ್ಬೊ. ವ್ಯಾಕ್ಯೂಮಿನಿಂದ ನಡೆಯುವ ವಿಜಿಟಿಯಲ್ಲಿ ಇಂಜಿನ್ ಚಾಲೂ ಆದ ಕೂಡಲೆ ಆ ರೆಕ್ಕೆಗಳನ್ನು ತಿರುಗಿಸುವ ಆಕ್ಚುಯೇಟರಿನ ಕಡ್ಡಿ ಒಳಸರಿಯಬೇಕು, ಬಂದ್ ಮಾಡಿದಾಗ ವಾಪಸ್ ಬರಬೇಕು. ಒಬ್ಬರು ಕೀ ತಿರುಗಿಸಿ, ಇನ್ನೊಬ್ಬರು ನೋಡಿ. ಅಲ್ಲಾಡದಿದ್ದರೆ ಪೈಪು ಇಲಿ ಕಡಿದಿದೆ, ಇಲ್ಲವೇ ಕಡ್ಡಿ ತುಕ್ಕು ಹಿಡಿದಿದೆ, ಇಲ್ಲವೇ ಒಳಗಿನ ರೆಕ್ಕೆ ಮಸಿಯಲ್ಲಿ ಅಂಟಿದೆ. ಎಲೆಕ್ಟ್ರಾನಿಕ್ ಆಕ್ಚುಯೇಟರ್ ಇದ್ದರೆ ಕೈಯಿಂದ ತಳ್ಳಬೇಡಿ, ಒಳಗಿನ ಹಲ್ಲು ಮುರಿಯುತ್ತದೆ.

ವೈರು ಮತ್ತು ಸ್ಕ್ಯಾನರ್

ಕರಾವಳಿಯ ಗಾಡಿಗಳಲ್ಲಿ ಸೆನ್ಸರಿನ ಸಾಕೆಟ್ ಬಿಚ್ಚಿ ನೋಡಿ. ಪಿನ್ನಿನ ಮೇಲೆ ತಾಮ್ರದ ಚೊಂಬಿಗೆ ಬಂದಂಥ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಹಾಕಿ. ಅಷ್ಟಕ್ಕೇ ಸರಿಯಾದ ಗಾಡಿಗಳಿವೆ. ಹುಣಸೆಹಣ್ಣು ಬೇಡ.

ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಒಂದನ್ನು ಫೋನಿಗೆ ಜೋಡಿಸಿದರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದಬಹುದು. ಪಿ0299 ಎಂದರೆ ಟರ್ಬೊ ಒತ್ತಡ ಬೇಕಾದ್ದಕ್ಕಿಂತ ಕಮ್ಮಿ, ಪಿ0234 ಎಂದರೆ ಹೆಚ್ಚು, ಪಿ0101 ಗಾಳಿ ಅಳೆಯುವ ಸೆನ್ಸರ್, ಪಿ0087 ಇಂಧನದ ಒತ್ತಡ ಸಾಲದು. ಇಲ್ಲೇ ಬಹಳ ಜನ ಎಡವುತ್ತಾರೆ. ಪಿ0299 ಎಂದರೆ 'ಟರ್ಬೊ ಹಾಳು' ಎಂದಲ್ಲ. ಸೀಳಿದ ಪೈಪೂ ಅದನ್ನೇ ಬರೆಸುತ್ತದೆ. ಕೋಡ್ ಅಳಿಸುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

ಕೋಡಿಗಿಂತ ನನಗೆ ಇಷ್ಟ, ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಅಂಕಿ. ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರ ಮಟ್ಟದ ಕುಮಟೆಯಲ್ಲಿ 100 ಕಿಲೋಪಾಸ್ಕಲ್ ಆಸುಪಾಸು, ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ 94ರ ಹತ್ತಿರ. ಶಿರಸಿಯಲ್ಲಿ 94 ಕಂಡು ಸೆನ್ಸರ್ ಹಾಳೆಂದು ಬದಲಿಸಲು ಹೊರಟವರಲ್ಲಿ ನಾನೂ ಒಬ್ಬ. ಅಂಗಡಿಯಲ್ಲಿ ಸಾಮಾನು ಇರಲಿಲ್ಲ, ಬಚಾವಾದೆ. ಎರಡೂ ಊರಲ್ಲಿ 80 ತೋರಿಸಿದರೆ ಮಾತ್ರ ಸೆನ್ಸರ್ ಬಿಚ್ಚಿ ಮಸಿ ಒರೆಸಿ ನೋಡಿ.

ಆಮೇಲೆ ಘಟ್ಟದ ಪರೀಕ್ಷೆ. ಇಬ್ಬರು ಬೇಕು, ಓಡಿಸುವವರು ಫೋನ್ ನೋಡಬಾರದು. ಇಂಜಿನ್ ಕಾದಿರಲಿ, ದಾರಿ ಖಾಲಿ ಇರಲಿ, ಏರು ನೇರವಿರಲಿ. ದೇವಿಮನೆಯ ತಿರುವುಗಳು ಇದಕ್ಕಲ್ಲ, ತಿರುವು ಕಳೆದ ಮೇಲೆ ಸಿಗುವ ಏರನ್ನು ಆರಿಸಿ. ಮೂರನೇ ಗೇರು, 1500 ಆರ್‌ಪಿಎಂ, ಅಲ್ಲಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ 3000ದವರೆಗೆ. ನನ್ನ ಡೀಸೆಲ್ಲಿನಲ್ಲಿ 2200ರ ಹೊತ್ತಿಗೆ ಮ್ಯಾಪ್ ಅಂಕಿ 200 ದಾಟುತ್ತದೆ. ನಿಮ್ಮ ಗಾಡಿಯದು ಬೇರೆ ಇರಬಹುದು, ಅದಕ್ಕೇ ಗಾಡಿ ಚೆನ್ನಾಗಿದ್ದಾಗಲೇ ಒಮ್ಮೆ ಓಡಿಸಿ ಬರೆದಿಡಬೇಕು. ಅಂಕಿ 100ರ ಹತ್ತಿರವೇ ಕೂತರೆ ಒತ್ತಡ ಹುಟ್ಟುತ್ತಲೇ ಇಲ್ಲ. 150ಕ್ಕೆ ಏರಿ ತಡಕಾಡಿದರೆ ಸೋರಿಕೆ. ಒಮ್ಮೆಲೆ ಮೇಲಕ್ಕೆ ಹಾರಿ ಲಿಂಪ್ ಮೋಡಿಗೆ ಬಿದ್ದರೆ ವಿಜಿಟಿ ರೆಕ್ಕೆ ಅಂಟಿಕೊಂಡಿರುವ ಸಾಧ್ಯತೆ ಹೆಚ್ಚು. ಅಂಕಿ ಸರಿಯಿದ್ದೂ ಗಾಡಿ ಎಳೆಯದಿದ್ದರೆ ಟರ್ಬೊವನ್ನು ಬಿಟ್ಟು ಇಂಧನದ ಕಡೆ ತಿರುಗಿ.

2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ಲಿನವರಿಗೆ ಇನ್ನೊಂದು ತಾಪತ್ರಯ, ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಳ್ಳುವ ಫಿಲ್ಟರ್ ಡಿಪಿಎಫ್. ದಿನಾ ಮನೆಯಿಂದ ಪೇಟೆಗೆ ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಮಸಿ ಸುಡುವಷ್ಟು ಕಾವೇ ಹುಟ್ಟುವುದಿಲ್ಲ. ಅದರ ಲೈಟ್ ಹತ್ತಿದ ಆರಂಭದಲ್ಲೇ ಕುಮಟಾ–ಅಂಕೋಲಾ ಹೆದ್ದಾರಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಒಂದೇ ವೇಗದಲ್ಲಿ ಓಡಿಸಿ. ಲೈಟ್ ಹಾಗೇ ಉಳಿದರೆ ಸರ್ವಿಸಿಗೆ ಒಯ್ಯಿರಿ.

ಕೊನೆಗೆ ಕಬ್ಬಿಣ

ಇಷ್ಟೆಲ್ಲ ಆದ ಮೇಲೂ ಅನುಮಾನ ಟರ್ಬೊ ಮೇಲೇ ಬಂದರೆ, ಇಂಜಿನ್ ತಣ್ಣಗಿದ್ದಾಗ ಏರ್ ಫಿಲ್ಟರ್ ಕಡೆಯ ಪೈಪು ತೆಗೆದು ಎರಡು ಬೆರಳಲ್ಲಿ ನಡುವಿನ ನಟ್ಟು ಹಿಡಿಯಿರಿ. ಅಕ್ಕಪಕ್ಕಕ್ಕೆ ತುಸು ಆಡುವುದು ಸಹಜ, ಆಯಿಲ್ ಪದರಕ್ಕೆಂದು ಬಿಟ್ಟ ಜಾಗ ಅದು. ಆಡಿಸಿದಾಗ ರೆಕ್ಕೆ ಗೋಡೆಗೆ ತಾಗಬಾರದು. ಒಳಗೂ ಹೊರಗೂ ಎಳೆದು ತಳ್ಳಿದಾಗ ಕೈಗೆ ತಿಳಿಯುವಂಥ ಆಟ ಇರಬಾರದು. ರೆಕ್ಕೆಗಳ ಅಂಚು ಮೊಂಡಾಗಿದ್ದರೆ, ಗೋಡೆಯ ಮೇಲೆ ಹೊಳೆಯುವ ಗೀರು ಇದ್ದರೆ, ಪೈಪಿನಲ್ಲಿ ಆಯಿಲ್ ಹೊಂಡವಾಗಿ ನಿಂತಿದ್ದರೆ ಗ್ಯಾರೇಜಿನವರ ಮಾತು ಈ ಸಲ ನಿಜ.

ಆಗಲೂ ಕೇಳಬೇಕಾದ ಪ್ರಶ್ನೆ: ಯಾಕೆ ಹೋಯಿತು? ಆಯಿಲ್ ತರುವ ಸಣ್ಣ ಪೈಪಿನಲ್ಲಿ ಕರಿ ಕಟ್ಟಿದೆಯೇ, ವಾಪಸ್ ಹೋಗುವ ಪೈಪು ಮುಚ್ಚಿದೆಯೇ, ಫಿಲ್ಟರ್ ಹರಿದು ಧೂಳು ನುಗ್ಗಿದೆಯೇ? ಅದನ್ನು ಸರಿಪಡಿಸದೆ ಹೊಸ ಟರ್ಬೊ ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಹೊಸದಕ್ಕೆ ಮೊದಲು ಆಯಿಲ್ ಹನಿಸಿ, ಆಮೇಲೆ ಚಾಲೂ ಮಾಡಿಸಿ. ಇಂಟರ್‌ಕೂಲರ್ ಒಳಗಿನ ಹಳೆ ಆಯಿಲ್, ಲೋಹದ ಚೂರು ತೊಳೆಸಿ. ಬಿಚ್ಚಿದ ಹಳೆ ಟರ್ಬೊ ನಿಮ್ಮ ಡಿಕ್ಕಿಗೆ ಬರಲಿ.

ಘಟ್ಟ ಹತ್ತಿದ ಕೂಡಲೆ ದೇವಸ್ಥಾನದೆದುರು ನಿಲ್ಲಿಸಿ ಕೀ ತಿರುಗಿಸುವವರು ಹೆಚ್ಚು. ಟರ್ಬೊ ಕೆಂಡವಾಗಿರುವುದು ಆಗಲೇ, ಆಯಿಲ್ ಹರಿವು ನಿಂತರೆ ಅಲ್ಲೇ ಕರಿ ಕಟ್ಟುತ್ತದೆ. ಕಾಣಿಕೆ ಹಾಕಿ ಬರುವವರೆಗೆ ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತು ಇಂಜಿನ್ ಒಂದೆರಡು ನಿಮಿಷ ಸುಮ್ಮನೆ ಓಡಲಿ.

ಪೈಪು ಬದಲಿಸಿದ ಮೇಲೆ ಕೋಡ್ ಅಳಿಸಿ, ನೂರು ಕಿಲೋಮೀಟರ್ ಓಡಿಸಿ ಕ್ಲಾಂಪನ್ನು ಇನ್ನೊಮ್ಮೆ ಬಿಗಿಯಬೇಕು. ಹೊಸ ರಬ್ಬರ್ ಕಾದು ಆರಿ ತುಸು ಕೂರುತ್ತದೆ. ಭಾವನಿಗೆ ಇದನ್ನು ಎರಡು ಸಲ ಹೇಳಿದ್ದೆ, ಮರೆತ. ಹದಿನೈದು ದಿನ ಕಳೆದು ಅದೇ ಘಟ್ಟದಿಂದ, ಬಹುಶಃ ಅದೇ ತಿರುವಿನಿಂದ, ಮತ್ತೆ ಫೋನು. ಈ ಸಲ ಅವ ಹೇಳಿದ್ದು ಇಷ್ಟೇ: "ಸುಸ್ ಅಂತು, ಪೈಪು ಕಳಚಿತ್ತು, ಆರಿದ ಮೇಲೆ ಸ್ಕ್ರೂಡ್ರೈವರ್ ಹಾಕಿ ಬಿಗಿದೆ. ಊಟಕ್ಕೆ ಬತ್ತಿ, ಅಕ್ಕಂಗೆ ಹೇಳು."